ತೂಕದ ದಿನ

ನಮ್ಮ ಶಾಲೆಯಲ್ಲಿ ವರ್ಷಕ್ಕೆ ಮೂರು ಬಾರಿ ಮಕ್ಕಳ ತೂಕ ಹಾಗೂ ಎತ್ತರಗಳನ್ನು ಅಳೆದು ಪುಸ್ತಕದಲ್ಲಿ ದಾಖಲಿಸುವ ಪದ್ಧತಿಯಿದೆ. ಜೂನ್ ತಿಂಗಳಿನಲ್ಲಿ ಒಮ್ಮೆ, ನವೆಂಬರಿನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಮತ್ತೊಮ್ಮೆ. ಮುಖ್ಯೋಪಾಧ್ಯಾಯರಾದ ನಾವು ಯಂತ್ರದ ಬಳಿ ನಿಂತು ಅಂಕೆಯನ್ನು ಗಟ್ಟಿಯಾಗಿ ಓದುವುದು, ಸಹಾಧ್ಯಾಪಕಿಯೊಬ್ಬರು ಅದನ್ನು ಬರೆದುಕೊಳ್ಳುವುದು, ಇದು ಬಹುಕಾಲದಿಂದ ನಡೆದು ಬಂದ ಕ್ರಮ. ಜಗಲಿಯುದ್ದಕ್ಕೂ ಸಾಲುಗಟ್ಟಿ ನಿಂತ ಮಕ್ಕಳಿಗೆ ಅಂದು ಪಾಠವಿಲ್ಲವೆಂಬುದೇ ಒಂದು ಹಬ್ಬ.

2022ರ ಜೂನಿನಲ್ಲಿ ಐದನೆಯ ತರಗತಿಯ ಹುಡುಗನೊಬ್ಬ ಯಂತ್ರವನ್ನೇರಿದನು. ಮುಳ್ಳು ಅವನ ವಯಸ್ಸಿಗೆ ಮೀರಿ ಮುಂದಕ್ಕೆ ಸರಿಯಿತು. “ಐವತ್ತೆರಡು” ಎಂದು ನಾವು ಓದಿದೆವು. ಅಷ್ಟಕ್ಕೇ ಸುಮ್ಮನಿರದೆ, “ಬರುವ ವರ್ಷಕ್ಕೆ ಶಾಲೆಗೆ ಹೊಸ ಯಂತ್ರವನ್ನೇ ತರಿಸಬೇಕಾದೀತು” ಎಂದು ಸೇರಿಸಿದೆವು. ಸಾಲಿನಲ್ಲಿದ್ದ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಹುಡುಗನೂ ನಕ್ಕನು. ನಾವು ಆ ಮಾತನ್ನು ಅಂದೇ ಮರೆತುಬಿಟ್ಟೆವು.

ಮರೆತದ್ದನ್ನು ನೆನಪಿಸುವ ದಿನ ಒಂದು ವರ್ಷ ಕಳೆದು ಬಂದಿತು. 2023ರ ಜುಲೈ, ಆಟಿಯ ಮಳೆ. ಊರಿನ ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ಮುಂತಾದುವುಗಳ ತಪಾಸಣೆಯಿದೆಯೆಂದು ತಿಳಿದು ನಾವೂ ಹೋದೆವು. ಜನ ಬಹಳವಿದ್ದರು. ನಮ್ಮ ಹಳೆಯ ವಿದ್ಯಾರ್ಥಿಗಳಿದ್ದರು, ಮಕ್ಕಳ ತಾಯಂದಿರಿದ್ದರು. ದಾದಿಯೊಬ್ಬರು ನಮ್ಮನ್ನು ಯಂತ್ರದ ಮೇಲೆ ನಿಲ್ಲಿಸಿ, ದೂರದ ಮೇಜಿನಲ್ಲಿ ಬರೆಯುತ್ತಿದ್ದವರಿಗೆ ಕೇಳುವಂತೆ ಮಲಯಾಳದಲ್ಲಿ “ತೊಣ್ಣೂಟ್ಟಿರಂಡ್” ಎಂದು ಕೂಗಿದರು. ತೊಂಬತ್ತೆರಡು. ಗಡಿನಾಡಿನ ಜನರಾದ ನಮಗೆ ಅಂಕೆಗಳು ಯಾವ ಭಾಷೆಯಲ್ಲಿ ಬಂದರೂ ಅರ್ಥವಾಗುತ್ತವೆ. ಸಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಅರ್ಥವಾಯಿತು. ಯಾರೋ ಹಿಂದಿನಿಂದ ಮೆಲ್ಲನೆ ನಕ್ಕಂತಾಯಿತು. ನಾವೂ ನಕ್ಕೆವು. ನಗದೆ ಬೇರೆ ದಾರಿಯಿರಲಿಲ್ಲ.

ಬಸ್ಸಿನಲ್ಲಿ ಹಿಂತಿರುಗುವಾಗ ಆ ಹುಡುಗನ ನಗು ನೆನಪಾಯಿತು. ಮರುದಿನ ಶಾಲೆಗೆ ಹೋದವರೇ ಹಳೆಯ ಹಾಜರಿ ಪುಸ್ತಕಗಳನ್ನು ತೆಗೆಸಿ ನೋಡಿದೆವು. ಅವನು ಶಾಲೆ ತಪ್ಪಿಸುವ ಹುಡುಗನಲ್ಲ. ಆದರೆ 2022ರ ನವೆಂಬರಿನ ತೂಕದ ದಿನ ಗೈರುಹಾಜರಿ. 2023ರ ಫೆಬ್ರವರಿಯ ತೂಕದ ದಿನ ಗೈರುಹಾಜರಿ. ಜೂನಿನ ತೂಕದ ದಿನವೂ ಗೈರುಹಾಜರಿ. ಮೂರು ಗುರುತುಗಳನ್ನೂ ಹಾಕಿದ್ದ ಕೈ ನಮ್ಮ ಶಾಲೆಯದೇ. ಅವುಗಳನ್ನು ಒಟ್ಟಿಗೆ ಓದುವ ಕಣ್ಣು ಮಾತ್ರ ನಮಗಿರಲಿಲ್ಲ.

ತಪಾಸಣೆಯ ಫಲಿತಾಂಶ ವಾರದೊಳಗೆ ಬಂದಿತು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಪರೀಕ್ಷೆಯಲ್ಲಿ 6.3 ಎಂದಿತ್ತು. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು, 6.5 ದಾಟಿದರೆ ಮಧುಮೇಹವೇ ಎಂದು ವೈದ್ಯರು ವಿವರಿಸಿದರು. ಎತ್ತರವನ್ನು ಮೀಟರಿನಲ್ಲಿ ಅಳೆದು ಅದರ ವರ್ಗದಿಂದ ತೂಕವನ್ನು ಭಾಗಿಸಿದರೆ ಬರುವ ಸಂಖ್ಯೆ ಭಾರತೀಯರಲ್ಲಿ 23ರೊಳಗಿರಬೇಕು, 25 ದಾಟಿದರೆ ಬೊಜ್ಜು ಎಂದು ಲೆಕ್ಕ. 165 ಸೆಂಟಿಮೀಟರ್ ಎತ್ತರದ ನಮಗೆ ಅದು 33.8 ಬಂದಿತು. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರನ್ನು ಮೀರಬಾರದಂತೆ. ನಮ್ಮದನ್ನು ಇಲ್ಲಿ ಬರೆಯುವುದು ಬೇಡ.

ನಾವೊಬ್ಬರೇ ಈ ಹೊಸ್ತಿಲಲ್ಲಿ ನಿಂತವರಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಮಧುಮೇಹವಿದ್ದರೆ, ನಾವು ವಾಸಿಸುವ ಕೇರಳದಲ್ಲಿ ಅದು ನೂರಕ್ಕೆ ಸುಮಾರು 25. ನಾಲ್ವರು ಪಂಕ್ತಿಯಲ್ಲಿ ಕುಳಿತರೆ ಅವರಲ್ಲೊಬ್ಬರು.

ನಮ್ಮ ತೀರ್ಥರೂಪರು ಆ ನಾಲ್ಕನೆಯವರಾಗಿದ್ದರು. ಅಡಿಕೆ ತೋಟದ ಕೃಷಿಕರು. ಮುರಕಲ್ಲಿನ ಗುಡ್ಡದ ಸುರಂಗದಿಂದ ಹರಿದು ಬರುವ ನೀರನ್ನು ತೋಟದ ಬುಡಬುಡಕ್ಕೂ ತಾವೇ ಹಾಯಿಸುತ್ತಿದ್ದವರು. ಸಕ್ಕರೆ ಕಾಯಿಲೆಯನ್ನು ಅವರು ಲೆಕ್ಕಕ್ಕಿಡಲಿಲ್ಲ. ಎಡಗಾಲಿನ ಹೆಬ್ಬೆರಳಿನಲ್ಲಾದ ಸಣ್ಣ ಹುಣ್ಣು ಮಾಯದೆ, ಕೊನೆಗೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆಯಬೇಕಾಯಿತು. ಅವರು ತಮ್ಮ ಕೊನೆಯ ನಾಲ್ಕು ವರ್ಷಗಳನ್ನು ಜಗಲಿಯ ಕುರ್ಚಿಯಲ್ಲಿ ಕಳೆದರು. ಸಂಜೆಯಾದೊಡನೆ, “ಮೇಲಿನ ತೋಟಕ್ಕೆ ನೀರು ಹೋಯಿತೋ?” ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಇಂದಿಗೂ ನಮ್ಮ ಕಿವಿಯಲ್ಲಿದೆ.

ತೂಕವನ್ನು ಇಳಿಸಲೇಬೇಕೆಂದು ನಿಶ್ಚಯಿಸಿದೆವು. ನಿಶ್ಚಯವನ್ನು ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರೆದುರಿಗೆ ಘೋಷಿಸಿದೆವು: ಎರಡು ತಿಂಗಳಲ್ಲಿ 15 ಕಿಲೋ! ಸಲಹೆಗಳಿಗೆ ಕೊರತೆಯಿರಲಿಲ್ಲ. ಬೆಳಿಗ್ಗೆ ಬಿಸಿನೀರಿಗೆ ಜೇನು ಹಾಗೂ ಲಿಂಬೆರಸ ಎಂದರು ಒಬ್ಬರು. ರಾತ್ರಿ ಹುರುಳಿಯ ಸಾರು ಮಾತ್ರ ಎಂದರು ಮತ್ತೊಬ್ಬರು. ಅನ್ನವನ್ನು ಕಣ್ಣಿನಿಂದಲೂ ನೋಡಬಾರದೆಂದರು ಮೂರನೆಯವರು. ನಾವು ಮೂವರ ಮಾತನ್ನೂ ಏಕಕಾಲದಲ್ಲಿ ನಡೆಸಿದೆವು. ಒಂದು ತಿಂಗಳಿನಲ್ಲಿ 4 ಕಿಲೋ ಇಳಿಯಿತು. ಜತೆಗೆ ನಮ್ಮ ಸಹನೆಯೂ ಇಳಿದು, ಮಕ್ಕಳ ಮೇಲೆ ರೇಗಾಡತೊಡಗಿದೆವು. ಅಷ್ಟರಲ್ಲಿ ಓಣಂ ಬಂದಿತು, ಚೌತಿ ಬಂದಿತು, ಬಂಧುಗಳ ಮನೆಯ ಗೃಹಪ್ರವೇಶ ಬಂದಿತು. ಒಂದು ದಿನ ಹೋಳಿಗೆ ತಿಂದೆವು. “ಇನ್ನು ವ್ರತ ಕೆಟ್ಟಿತಷ್ಟೆ” ಎಂದು ಮರುದಿನವೂ ತಿಂದೆವು. ಅಕ್ಟೋಬರಿನಲ್ಲಿ ಯಂತ್ರವನ್ನೇರಿದರೆ 93. ಅಧ್ಯಾಪಕರ ಕೊಠಡಿಯಲ್ಲಿ ಯಾರೂ ಏನನ್ನೂ ಕೇಳಲಿಲ್ಲ. ಅವರ ಆ ಸೌಜನ್ಯವೇ ನಮಗೆ ಹೆಚ್ಚು ಚುಚ್ಚಿತು.

ದಾರಿ ದೊರೆತದ್ದು ಆ ವರ್ಷದ ಅರ್ಧವಾರ್ಷಿಕ ಪರೀಕ್ಷೆಯ ಬಳಿಕ. ಮೂರನೆಯ ತರಗತಿಯ ಹುಡುಗಿಯೊಬ್ಬಳಿಗೆ ಓದು ಬಾರದೆ ಹಿಂದೆ ಬಿದ್ದಿದ್ದಳು. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಒತ್ತಕ್ಷರ ಬಂದಲ್ಲಿ ಮಗು ಎಡವುತ್ತಿತ್ತು. ಅವಳಿಗಾಗಿ ಒಂದು ಪಾಠಯೋಜನೆಯನ್ನು ಬರೆಯುತ್ತಿದ್ದೆವು. ಮೂವತ್ತು ವರ್ಷಗಳ ಹಿಂದೆ ಮಾಯಿಪ್ಪಾಡಿಯಲ್ಲಿ ಶಿಕ್ಷಕ ತರಬೇತಿ ಪಡೆಯುವಾಗ ಕಲಿತ ಸೂತ್ರಗಳೇ ಲೇಖನಿಯಿಂದ ಇಳಿದವು. ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕು. ಸುಲಭದಿಂದ ಕಠಿಣಕ್ಕೆ ಹೋಗಬೇಕು. ಒಂದು ಬಾರಿಗೆ ಒಂದೇ ಹೊಸ ವಿಷಯ. ದಿನವೂ ಸ್ವಲ್ಪ. ಮಗುವನ್ನು ತರಗತಿಯ ಜಾಣರೊಡನೆ ಹೋಲಿಸದೆ, ಅದರ ನಿನ್ನೆಯೊಡನೆಯೇ ಹೋಲಿಸಬೇಕು. ತಪ್ಪಿದಾಗ ಹಂಗಿಸಕೂಡದು.

ಬರೆದು ಮುಗಿಸಿ ಓದಿದಾಗ ಲೇಖನಿ ಕೈಯಲ್ಲೇ ಉಳಿಯಿತು. ನಮ್ಮ ದೇಹಕ್ಕೆ ನಾವು ಎಂತಹ ಉಪಾಧ್ಯಾಯರಾಗಿದ್ದೆವು! ಮಗ್ಗಿಯೇ ಬಾರದ ಶಿಷ್ಯನಿಗೆ ಬೀಜಗಣಿತವನ್ನು ಕೊಟ್ಟು, ತಪ್ಪಿದೊಡನೆ ಬೆತ್ತ ತೆಗೆದು, ಎಲ್ಲರೆದುರು ಹಂಗಿಸಿ, ಕೊನೆಗೆ “ಇವನು ಉದ್ಧಾರವಾಗುವವನಲ್ಲ” ಎಂದು ಕೈಬಿಟ್ಟಿದ್ದೆವು. ಶಾಲೆಯ ಮಗುವಿನ ವಿಷಯದಲ್ಲಿ ಯಾವ ಉಪಾಧ್ಯಾಯನು ಹೀಗೆ ನಡೆದುಕೊಂಡರೂ ನಾವು ಅವನನ್ನು ಕರೆದು ಎಚ್ಚರಿಸುತ್ತಿದ್ದೆವು. 2024ರ ಜನವರಿಯ ಮೊದಲ ಸೋಮವಾರ ನಮ್ಮ ಹೆಸರಿನಲ್ಲಿಯೂ ಒಂದು ಪಾಠಯೋಜನೆ ಸಿದ್ಧವಾಯಿತು.

ಮೊದಲನೆಯ ಪಾಠ ಚಹಾದ್ದು. ನಾವು ದಿನಕ್ಕೆ ಐದು ಲೋಟ ಚಹಾ ಕುಡಿಯುವವರು. ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಎಂದರೆ ದಿನಕ್ಕೆ 50 ಗ್ರಾಂ, ವರ್ಷಕ್ಕೆ 18 ಕಿಲೋ! ಅಂಗಡಿಯ ಮೂಟೆಯನ್ನು ಕಣ್ಣೆದುರು ನಿಲ್ಲಿಸಿಕೊಂಡು ಬೆಚ್ಚಿದೆವು. ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಉತ್ತಮವೆಂಬುದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯ ಸಾರ. ಒಮ್ಮೆಲೇ ಬಿಡಲಿಲ್ಲ. ಮೊದಲ ಎರಡು ವಾರ ಒಂದೂವರೆ ಚಮಚ, ಮತ್ತೆರಡು ವಾರ ಒಂದು, ಆಮೇಲೆ ಅರ್ಧ. ಲೋಟಗಳು ಐದರಿಂದ ಮೂರಾದವು. ನಾಲಗೆಯೂ ಮಗುವಿನಂತೆಯೇ, ಮೆಲ್ಲನೆ ಕಲಿಸಿದರೆ ಕಲಿಯುತ್ತದೆ. ಈಗ ಎರಡು ಚಮಚದ ಚಹಾ ಕೊಟ್ಟರೆ ಪಾಯಸ ಕುಡಿದಂತಾಗುತ್ತದೆ.

ಎರಡನೆಯ ಪಾಠ ತಟ್ಟೆಯದು. ಅನ್ನವನ್ನು ತ್ಯಜಿಸಲಿಲ್ಲ, ಕುಚ್ಚಿಲಕ್ಕಿಯ ಗಂಜಿಯುಣ್ಣದೆ ನಮ್ಮ ನಾಡಿನವರು ಎಷ್ಟು ದಿನ ಇದ್ದಾರು? ಅನ್ನ ಬಡಿಸುವ ಸ್ಥಳವನ್ನು ಬದಲಾಯಿಸಿದೆವು, ಅಷ್ಟೆ. ಮೊದಲು ತಟ್ಟೆಯ ಅರ್ಧದಷ್ಟು ಪಲ್ಯ: ಹರಿವೆ, ಬಸಳೆ, ಪಡುವಲಕಾಯಿ, ಬಾಳೆದಿಂಡು, ಹಿತ್ತಿಲಿನಲ್ಲಿ ಏನಿದೆಯೋ ಅದು. ಉಳಿದ ಅರ್ಧದಲ್ಲಿ ಅನ್ನಕ್ಕೊಂದು ಪಾಲು, ಬೇಳೆಗೋ ಕಡಲೆಗೋ ಹೆಸರಿಗೋ ಒಂದು ಪಾಲು. ಜತೆಗೆ ಒಂದೆಲಗದ ತಂಬುಳಿ, ತಿಳಿಮಜ್ಜಿಗೆ. ಹೊಟ್ಟೆ ತುಂಬುತ್ತದೆ, ಸಾಯಂಕಾಲ ಹಸಿವು ಕಾಡುವುದಿಲ್ಲ. ಗ್ರಾಂ ಒಂದಕ್ಕೆ ಪಿಷ್ಟ ಹಾಗೂ ಸಸಾರಜನಕಗಳು 4 ಕ್ಯಾಲೊರಿ ಕೊಟ್ಟರೆ ಎಣ್ಣೆ 9 ಕೊಡುತ್ತದೆಂಬುದನ್ನು ಮಕ್ಕಳಿಗೆ ಕಲಿಸುತ್ತಲೇ ಬಂದಿದ್ದೆವು. ನಮ್ಮ ಅಡುಗೆಮನೆಯಲ್ಲಿ ಅದನ್ನು ಜಾರಿಗೆ ತಂದವರು ನಮ್ಮ ಸಹಧರ್ಮಿಣಿ. ನಾಲ್ವರ ಮನೆಗೆ ತಿಂಗಳಿಗೆ ಮೂರು ಲೀಟರ್ ಖರ್ಚಾಗುತ್ತಿದ್ದ ತೆಂಗಿನೆಣ್ಣೆಯನ್ನು ಅವರು ಎರಡಕ್ಕೆ ಇಳಿಸಿದರು. “ಮಾಷ್ಟ್ರು ನೀವಾದರೂ ಪರೀಕ್ಷೆ ಬರೆಯುವವಳು ನಾನು” ಎಂಬುದು ಅವರ ಮಾತು. ಅದರಲ್ಲಿ ಸತ್ಯಾಂಶ ಹೆಚ್ಚಾಗಿಯೇ ಇದೆ.

ಸಮಾರಂಭದ ಊಟಗಳೇ ಕಠಿಣ. ಬಾಳೆಲೆಯ ಮುಂದೆ ಕುಳಿತವರನ್ನು ಮನೆಯ ಯಜಮಾನರು ವಿಚಾರಣೆ ಮಾಡುತ್ತ ಬರುವುದು ನಮ್ಮ ಕಡೆಯ ಸಂಪ್ರದಾಯ. ಬೇಡವೆಂದರೆ ಅವರಿಗೆ ನೋವು. ನಾವು ಒಂದು ಉಪಾಯವನ್ನು ಕಂಡುಕೊಂಡೆವು. ಪಾಯಸವನ್ನು ಒಮ್ಮೆ ಸಂತೋಷದಿಂದ ಹಾಕಿಸಿಕೊಳ್ಳುವುದು, ಬಾಳೆಕಾಯಿಯ ಚಿಪ್ಸನ್ನು ಮುಟ್ಟದಿರುವುದು, ಎರಡನೆಯ ಸುತ್ತಿಗೆ ಪಲ್ಯವನ್ನೇ ಕೇಳಿ ಹಾಕಿಸಿಕೊಳ್ಳುವುದು. ಕೇಳಿ ಉಂಡವನ ಮೇಲೆ ಯಾವ ಯಜಮಾನನಿಗೂ ಅಸಮಾಧಾನವಿರುವುದಿಲ್ಲ.

ಮೂರನೆಯದು ನಡಿಗೆ. ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆಯಾದರೂ ಇರಬೇಕೆನ್ನುತ್ತಾರೆ. ದಿನಕ್ಕೆ ಹಂಚಿದರೆ 22 ನಿಮಿಷ. ಬಸ್ಸಿನಿಂದ ಒಂದು ನಿಲ್ದಾಣ ಮೊದಲೇ ಇಳಿಯತೊಡಗಿದೆವು. ಮಳೆಗಾಲದಲ್ಲಿ ಶಾಲೆಯ ಜಗಲಿಯೇ ಗತಿ. ಅದರ ಉದ್ದ 40 ಮೀಟರ್; ಸಂಜೆ ಮಕ್ಕಳು ಹೋದ ಮೇಲೆ ಆ ತುದಿಯಿಂದ ಈ ತುದಿಗೆ 25 ಬಾರಿ ನಡೆದರೆ ಒಂದು ಕಿಲೋಮೀಟರ್. ಆದರೆ ಓದುಗರು ಒಂದನ್ನು ತಿಳಿದಿರಬೇಕು. ಅರ್ಧ ಗಂಟೆಯ ನಡಿಗೆಯಲ್ಲಿ ವ್ಯಯವಾದ ಶಕ್ತಿಯನ್ನು ಒಂದು ಹಿಡಿ ಚಿಪ್ಸು ಮರಳಿ ತುಂಬಿಬಿಡುತ್ತದೆ. ಬರಿಯ ನಡಿಗೆಯಿಂದ ತೂಕ ಹೆಚ್ಚು ಇಳಿಯದು. ಇಳಿದುದನ್ನು ಇಳಿದಲ್ಲೇ ನಿಲ್ಲಿಸುವುದಕ್ಕೆ, ಸಕ್ಕರೆಯನ್ನು ಹಿಡಿತದಲ್ಲಿಡುವುದಕ್ಕೆ, ರಾತ್ರಿಯ ನಿದ್ದೆಗೆ ಮಾತ್ರ ಅದಕ್ಕೆ ಸಮನಾದುದಿಲ್ಲ.

ನಾಲ್ಕನೆಯದು ದಾಖಲೆ. ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ, ಚಹಾಕ್ಕೆ ಮೊದಲು ತೂಕ ನೋಡಿ ಗ್ರಾಫ್ ಕಾಗದದಲ್ಲಿ ಚುಕ್ಕೆಯಿಡುವುದು. ಉಪ್ಪು, ನೀರುಗಳ ವ್ಯತ್ಯಾಸದಿಂದಲೇ ದಿನಕ್ಕೆ ಒಂದೆರಡು ಕಿಲೋ ಏರಿಳಿಯುವುದುಂಟು. ಆದುದರಿಂದ ಒಂದು ಚುಕ್ಕೆಯನ್ನು ನಂಬಬಾರದು, ಗೆರೆಯನ್ನು ನಂಬಬೇಕು.

ಗುರಿಯನ್ನೂ ತಿದ್ದಿಕೊಂಡೆವು. ಮಧುಮೇಹದ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದಿದೆ. ಅಲ್ಲಿ ಇಟ್ಟುಕೊಂಡ ಗುರಿ ತೂಕದ ನೂರಕ್ಕೆ 7 ಭಾಗವನ್ನು ಇಳಿಸುವುದು, ವಾರಕ್ಕೆ 150 ನಿಮಿಷಗಳ ಚಟುವಟಿಕೆ, ಇಷ್ಟೇ. ಸರಾಸರಿ ಮೂರು ವರ್ಷಗಳಲ್ಲಿ ಹೊಸದಾಗಿ ಮಧುಮೇಹ ಬರುವುದು ನೂರಕ್ಕೆ 58ರಷ್ಟು ಕಡಿಮೆಯಾಯಿತು. 93ರ ನೂರಕ್ಕೆ 7 ಎಂದರೆ ಆರೂವರೆ ಕಿಲೋ. ಹದಿನೈದರ ಮುಂದೆ ಆರೂವರೆ ಎಷ್ಟು ಸ್ನೇಹಮಯವಾದ ಅಂಕೆ! ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು, ಅದಕ್ಕಿಂತ ವೇಗ ಬೇಡವೆಂದರು ವೈದ್ಯರು. ನಮ್ಮದು ಅದರ ಅರ್ಧ ವೇಗ. 2024ರ ಜುಲೈಯಲ್ಲಿ ಆರೂವರೆಯನ್ನು ಮುಟ್ಟಿದೆವು.

ನಡುವೆ ತಪ್ಪಿದ ದಿನಗಳು ಬೇಕಾದಷ್ಟಿವೆ. ಮೇ ತಿಂಗಳಿನಲ್ಲಿ ಒಂದೇ ವಾರದಲ್ಲಿ ಮೂರು ಮದುವೆಗಳು. ಚುಕ್ಕೆ ಮೇಲಕ್ಕೆ ಹಾರಿತು. ಹಿಂದಿನಂತಾಗಿದ್ದರೆ ಎಲ್ಲವನ್ನೂ ಬಿಟ್ಟುಬಿಡುತ್ತಿದ್ದೆವು. ಈ ಬಾರಿ ಹಾಜರಿ ಪುಸ್ತಕವನ್ನು ನೆನೆದೆವು. ಮಗು ಒಂದು ದಿನ ಬಾರದಿದ್ದರೆ ಗೈರುಹಾಜರಿಯ ಗುರುತು ಹಾಕುತ್ತೇವೆ, ಹೆಸರನ್ನು ಹೊಡೆದುಹಾಕುವುದಿಲ್ಲ. ಮರುದಿನ ಅದೇ ಹೆಸರನ್ನು ಕೂಗುತ್ತೇವೆ.

ಇನ್ನು ಆ ಹುಡುಗನ ವಿಷಯ. 2023ರ ನವೆಂಬರಿನಲ್ಲಿ ತೂಕದ ಕ್ರಮವನ್ನು ಬದಲಿಸಿದ್ದೆವು. ಯಂತ್ರ ಕಚೇರಿಯ ಕೊಠಡಿಯೊಳಗೆ ಬಂದಿತು. ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಬರುವುದು, ಅಂಕೆಯನ್ನು ಯಾರೂ ಬಾಯಿಬಿಟ್ಟು ಹೇಳದಿರುವುದು ಎಂದಾಯಿತು. ಆದರೂ ಅಂದು ಅವನು ಬರಲಿಲ್ಲ. ಬರುವುದಾದರೂ ಹೇಗೆ? ಕ್ರಮ ಬದಲಾದುದನ್ನು ಅವನಿಗೆ ಯಾರೂ ತಿಳಿಸಿರಲಿಲ್ಲ. ತಿಳಿಸಬೇಕಾಗಿದ್ದವರು ನಾವು, ನಮಗೆ ಬಾಯಿ ಬಂದಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಂದ “ತಪ್ಪಾಯಿತು ಮಾಷ್ಟ್ರೆ” ಎಂದು ಹೇಳಿಸಿದವರಿಗೆ ಆ ಮಾತು ತಮ್ಮ ಬಾಯಿಯಿಂದ ಹೊರಡುವುದು ಸುಲಭವಲ್ಲ.

2024ರ ಫೆಬ್ರವರಿಯ ತೂಕದ ಹಿಂದಿನ ದಿನ ಅವನನ್ನು ಕರೆಸಿದೆವು. ಆಗ ಅವನು ಆರನೆಯ ತರಗತಿ. ಬಾಗಿಲಿನಲ್ಲೇ ನಿಂತನು. ಮೇಜಿನ ಸೆಳೆಖಾನೆಯಿಂದ ನಮ್ಮ ಗ್ರಾಫ್ ಕಾಗದವನ್ನು ತೆಗೆದು ಅವನ ಮುಂದೆ ಹರಡಿದೆವು.

“ಇದು ಯಾರದ್ದು ಮಾಷ್ಟ್ರೆ?”

“ನಮ್ಮದೇ.”

ಅವನು ಬೆರಳನ್ನು ಚುಕ್ಕೆಯಿಂದ ಚುಕ್ಕೆಗೆ ಎಳೆದು, ಒಂದೆಡೆ ನಿಲ್ಲಿಸಿದನು. “ಇಲ್ಲಿ ಏರಿದೆಯಲ್ಲ?”

“ಹೌದು. ಒಂದು ಉಪನಯನವಿತ್ತು.”

ಅವನಿಗೆ ನಗು ಬಂದಿತು. ಈ ನಗು ಹಳೆಯ ನಗುವಲ್ಲವೆಂದು ನಮಗೆ ತಿಳಿಯಿತು. ಆಗ ಹೇಳಿದೆವು: “ನೀನು ಐದನೆಯದರಲ್ಲಿದ್ದಾಗ ಎಲ್ಲರೆದುರು ಒಂದು ಮಾತು ಆಡಿದೆವು. ಅದು ನಮ್ಮ ತಪ್ಪು ಮಗೂ.” ಅವನು ಏನನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಕಾಗದವನ್ನೇ ನೋಡಿ, “ನಾಳೆ ಒಬ್ಬೊಬ್ಬರೇ ಬರುವುದಾ?” ಎಂದು ಕೇಳಿದನು. ಹೌದೆಂದೆವು.

ಮರುದಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಹಾಜರಿಯ ಗುರುತು ಬಿದ್ದಿತು.

ಬೆಳೆಯುವ ಮಕ್ಕಳಿಗೆ ದೊಡ್ಡವರ ಪಥ್ಯ ಸಲ್ಲದೆಂಬುದನ್ನು ಹೆತ್ತವರು ಮನಸ್ಸಿನಲ್ಲಿಡಬೇಕು. ಅವನ ತಾಯಿಯೊಡನೆ ವೈದ್ಯರು ಹೇಳಿದ್ದಿಷ್ಟೆ: ಮಗುವಿನ ತೂಕ ಇಳಿಸಲು ಹೊರಡಬೇಡಿ, ಪೊಟ್ಟಣದ ತಿಂಡಿ, ಬಾಟಲಿಯ ಸಿಹಿ ಪಾನೀಯ ಕಡಿಮೆ ಮಾಡಿ, ಆಟಕ್ಕೆ ಬಿಡಿ, ಎತ್ತರ ತೂಕವನ್ನು ಹಿಡಿಯುತ್ತದೆ. ಹಾಗೆಯೇ ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು. ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. 2025ರಿಂದ ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳುವ ತೂಕದ ಔಷಧಗಳೂ ನಮ್ಮ ದೇಶದಲ್ಲಿ ದೊರೆಯುತ್ತಿವೆ. ಅವಶ್ಯವಿದ್ದವರು ವೈದ್ಯರ ಮಾತಿನಂತೆ ತೆಗೆದುಕೊಳ್ಳಲಿ. ಆದರೆ ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ಮರಳುವುದೆಂದು ಪ್ರಯೋಗಗಳು ತೋರಿಸಿವೆ. ತಟ್ಟೆಯ ಪಾಠ ಅವರಿಗೂ ತಪ್ಪಿದ್ದಲ್ಲ.

2025ರ ಜನವರಿಯಲ್ಲಿ ನಮ್ಮ ತೂಕ 83ಕ್ಕೆ ಬಂದಿತು, ರಕ್ತಪರೀಕ್ಷೆಯಲ್ಲಿ 6.3 ಇದ್ದದ್ದು 5.8. ಆಮೇಲೆ ಹತ್ತು ವಾರ ಗೆರೆ ಅಲುಗಲೇ ಇಲ್ಲ. ದೇಹ ಹಗುರವಾದಂತೆ ಅದು ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಗುವುದರಿಂದ ಹೀಗಾಗುವುದು ಸಹಜವಂತೆ. ಪಾಠ ಮುಂದುವರಿಯದಿದ್ದಾಗ ಪುನರಾವರ್ತನೆ ಮಾಡಿಸುವುದು ಶಾಲೆಯ ರೂಢಿ. ನಾವೂ ಚಹಾದ ಪಾಠಕ್ಕೆ ಮರಳಿ, ಉಳಿದಿದ್ದ ಅರ್ಧ ಚಮಚವನ್ನೂ ಬಿಟ್ಟೆವು. ಈಗ 82. ನಮ್ಮ ಎತ್ತರಕ್ಕೆ ಇದೂ ಹೆಚ್ಚೇ. ಮುಂದಿನ ಗುರಿ 78. ನಿವೃತ್ತಿಯ ದಿನದೊಳಗೆ ಅದು ಕೈಗೂಡೀತೆಂದು ಆಣೆಯಿಟ್ಟು ಹೇಳಲಾರೆವು. ಅಧ್ಯಾಪಕರ ಕೊಠಡಿಯಲ್ಲಂತೂ ಹೇಳಿಲ್ಲ.

ಆ ಹುಡುಗನು ಏಳನೆಯದನ್ನು ಮುಗಿಸಿ ಈಗ ಹೈಸ್ಕೂಲಿಗೆ ಹೋಗುತ್ತಾನೆ. ನಾವು ಒಂದು ನಿಲ್ದಾಣ ಮೊದಲೇ ಇಳಿದು ನಡೆಯುವ ದಾರಿಯಲ್ಲಿ ಕೆಲವು ದಿನ ಎದುರಾಗುತ್ತಾನೆ. “ಈ ವಾರ ಎಷ್ಟು ಮಾಷ್ಟ್ರೆ?” ಎಂದು ಕೇಳುತ್ತಾನೆ. ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮೆಲ್ಲನೆ ಕೇಳುತ್ತಾನೆ. ನಾವು ಉತ್ತರ ಹೇಳುತ್ತೇವೆ. ಮನೆಗೆ ಹೋಗುವ ದಾರಿಯಲ್ಲಿ ಇನ್ನೊಂದು ಏರು ಇದೆ; ಈಗ ಅದನ್ನು ನಿಲ್ಲದೆ ಹತ್ತುತ್ತೇವೆ. ಹತ್ತಿ ನಿಂತರೆ ಮೇಲಿನ ತೋಟ ಕಾಣುತ್ತದೆ. ಸಂಜೆ ಅದಕ್ಕೆ ನೀರು ಹಾಯಿಸುವವರು ನಾವೇ.